ಬೆಳ್ಳಿಯ ಬಿಲ್ಲೆ, ಬೀಗದ ಬಯಲು

ನಮ್ಮ ಮನೆಯ ಕಬ್ಬಿಣದ ಬೀರುವಿನ ಮೇಲಿನ ಅರೆಯಲ್ಲಿ, ಮನೆಪತ್ರ ಹಾಗೂ ವಿಮೆಯ ಕಾಗದಗಳ ಕೆಳಗೆ, ಒಂದು ಬೆಳ್ಳಿಯ ನಾಣ್ಯವಿದೆ. ಮುಖಬೆಲೆ 50 ರೂಪಾಯಿ, ಇಸವಿ 1979. ಒಂದು ಬದಿಯಲ್ಲಿ ಅಶೋಕಸ್ತಂಭದ ಸಿಂಹಗಳು. ಇನ್ನೊಂದು ಬದಿಯಲ್ಲಿ ಅಂತಾರಾಷ್ಟ್ರೀಯ ಮಕ್ಕಳ ವರ್ಷದ ಲಾಂಛನ: ಆಲಿವ್ ಎಲೆಗಳ ಬಳಸಿನ ನಡುವೆ ಮಗುವೊಂದನ್ನು ತಬ್ಬಿದ ದೊಡ್ಡವರೊಬ್ಬರ ಆಕೃತಿ. ಸುತ್ತ ಇಂಗ್ಲಿಷಿನಲ್ಲಿ ಕೆತ್ತಿದ ಘೋಷವಾಕ್ಯದ ಅರ್ಥ ಇಷ್ಟು: ಸಂತಸದ ಮಗು ನಾಡಿನ ಹೆಮ್ಮೆ.

ಆ ವರ್ಷವೇ ನನ್ನ ಮಗಳು ಹುಟ್ಟಿದಳು. ನಾನಾಗ ಬೆಂಗಳೂರಿನ ಕಚೇರಿಯೊಂದರಲ್ಲಿ ಕಿರಿಯ ಗುಮಾಸ್ತ. ಇಂಥ ಸ್ಮಾರಕ ನಾಣ್ಯಗಳು ಅಂಗಡಿಯಲ್ಲಿ ಚಿಲ್ಲರೆಯಾಗಿ ಕೈಗೆ ಬರುವಂಥವಲ್ಲ. ಮುಖಬೆಲೆಗಿಂತ ಹೆಚ್ಚಿನ ಹಣವನ್ನು ಮುಂಗಡವಾಗಿ ಕಳುಹಿಸಿ, ಟಂಕಸಾಲೆಯಿಂದ ಅಂಚೆಯ ಮೂಲಕ ತರಿಸಿಕೊಳ್ಳಬೇಕು. ತಿಂಗಳ ಕೊನೆಯ ವಾರ ಕೈಸಾಲಕ್ಕೆ ಅಲೆಯುತ್ತಿದ್ದ ನಾನು ಅಷ್ಟು ಹಣ ತೆತ್ತು ಅದನ್ನು ತರಿಸಿದ್ದು, ಮಗಳ ಹುಟ್ಟನ್ನು ದೇಶವೇ ನಾಣ್ಯ ಹಾಕಿ ಆಚರಿಸುತ್ತಿದೆ ಎಂಬ ಹುಚ್ಚು ಅಭಿಮಾನದಿಂದ. ಅಂಗೈಯನ್ನು ತುಂಬುವಷ್ಟು ಅಗಲದ, ಅರ್ಧಪಾಲು ಬೆಳ್ಳಿ ಬೆರೆತ ಆ ಬಿಲ್ಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಂದಾಗ, ಮನೆಮಂದಿಯೆಲ್ಲ ಬೆರಳು ಸೋಕಿಸದೆ ನೋಡಿದೆವು. ಅನಂತರ ಅದು ಬೀರು ಸೇರಿತು.

ಏಳು ವರ್ಷಗಳ ಬಳಿಕ, 1986ರ ಬೇಸಿಗೆಯ ಒಂದು ಸಂಜೆ, ಕಚೇರಿಯಿಂದ ಮರಳುವಾಗ ಬೀದಿಯಲ್ಲಿ ಹುಡುಗಿಯರ ಗುಂಪು ಕುಂಟೆಬಿಲ್ಲೆ ಆಡುತ್ತಿತ್ತು. ಮಣ್ಣಿನ ಮೇಲೆ ಕಡ್ಡಿಯಿಂದ ಗೀರಿದ ಮನೆಗಳು. ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ ಬಿಲ್ಲೆಯನ್ನು ಒದೆಯುತ್ತಿದ್ದವಳು ನನ್ನ ಮಗಳು. ಬಿಲ್ಲೆ ಇಳಿಬಿಸಿಲಿಗೆ ಹೊಳೆಯಿತು. ಹಂಚಿನ ಚೂರು ಹೊಳೆಯುವುದಿಲ್ಲ. ಹತ್ತಿರ ಹೋಗಿ ನೋಡಿದರೆ, ನಾಡಿನ ಹೆಮ್ಮೆ ಮಣ್ಣಿನಲ್ಲಿ ಮಗುಚಿ ಬಿದ್ದಿತ್ತು.

ನಾನು ಹೊಡೆದೆ. ಗೆಳತಿಯರೆಲ್ಲ ನೋಡುತ್ತಿರುವಾಗಲೇ ಹೊಡೆದೆ. ಯಾಕೆ ತೆಗೆದೆ ಎಂದು ಕೇಳಿದ್ದಕ್ಕೆ ಅವಳು ಅಳುತ್ತಲೇ ಕೊಟ್ಟ ಉತ್ತರ ಇಂದಿಗೂ ನೆನಪಿದೆ: ‘ಹಂಚಿನ ಚೂರು ಪುಟಿದು ಗೆರೆ ಮೇಲೆ ಬೀಳತ್ತೆ ಅಪ್ಪ. ಇದು ಭಾರ ಇದೆ, ಹಾಕಿದ ಕಡೆ ಕೂರತ್ತೆ.’ ಆಟದ ದೃಷ್ಟಿಯಿಂದ ಅದು ಅತ್ಯಂತ ಸಮಂಜಸವಾದ ಕಾರಣ. ಆದರೆ ನನಗೆ ಕಂಡದ್ದು ಲಾಂಛನದ ಮೇಲೆ ಓರೆಯಾಗಿ ಬಿದ್ದಿದ್ದ ಉದ್ದನೆಯ ಗೀರು ಮಾತ್ರ. ಸಂತಸದಿಂದಿದ್ದ ಮಗುವೊಂದನ್ನು, ಮಕ್ಕಳ ಸಂತಸವನ್ನು ಸಾರುವ ನಾಣ್ಯಕ್ಕಾಗಿ ಹೊಡೆದಿದ್ದೇನೆ ಎಂಬ ವಿಪರ್ಯಾಸ ಹೊಳೆಯುವುದಕ್ಕೆ ನನಗೆ ಹಲವು ವರ್ಷಗಳೇ ಬೇಕಾದವು.

ಆ ನಾಣ್ಯದ ಹಿಂದೆ ಒಂದು ದೊಡ್ಡ ಸಂಕಲ್ಪವಿತ್ತೆಂಬುದನ್ನು ಮರೆಯಬಾರದು. 1959ರ ನವೆಂಬರ್ 20ರಂದು ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಆಟ ಮತ್ತು ಮನರಂಜನೆಗೆ ಮಗುವಿಗೆ ಪೂರ್ಣ ಅವಕಾಶವಿರಬೇಕೆಂದು ಅದರ ಏಳನೆಯ ತತ್ತ್ವ ಹೇಳುತ್ತದೆ. ಆ ಘೋಷಣೆಗೆ ಇಪ್ಪತ್ತು ವರ್ಷ ತುಂಬುವ ಸಂದರ್ಭಕ್ಕೆಂದೇ 1979ನ್ನು ಮಕ್ಕಳ ವರ್ಷವೆಂದು ಸಾರಲಾಯಿತು. ಹಲವು ದೇಶಗಳು ಇದೇ ವಿಷಯದ ಬೆಳ್ಳಿ ನಾಣ್ಯಗಳನ್ನು ಟಂಕಿಸಿದವು. ನಮ್ಮಲ್ಲಿಯೂ 50 ರೂಪಾಯಿಯ ಈ ನಾಣ್ಯದ ಬಳಿಕ 1981ರಲ್ಲಿ 100 ರೂಪಾಯಿಯ ಇನ್ನಷ್ಟು ಶುದ್ಧ ಬೆಳ್ಳಿಯ ನಾಣ್ಯವೊಂದು ಬಂತು.

ಅದೇ ಲಾಂಛನವನ್ನು ಹೊತ್ತ ಇನ್ನೊಂದು ನಾಣ್ಯವೂ 1979ರಲ್ಲಿ ಬಂದಿತ್ತು: ಅಲ್ಯೂಮಿನಿಯಮ್ಮಿನ ಹತ್ತು ಪೈಸೆ. ಅದು ಸಂಗ್ರಾಹಕರಿಗಾಗಿ ಹುಟ್ಟಿದ್ದಲ್ಲ. ಅಂಗಡಿಯ ಗಾಜಿನ ಭರಣಿಯ ಮುಂದೆ ನಿಂತ ಮಕ್ಕಳ ಬೆವರಿದ ಅಂಗೈಯಲ್ಲಿ ಅದು ಓಡಾಡಿತು. ಪೆಪ್ಪರಮಿಂಟಾಯಿತು, ಬುಗುರಿಯ ದಾರವಾಯಿತು, ದೇವರ ಹುಂಡಿಗೆ ಬಿತ್ತು, ಚರಂಡಿಗೂ ಬಿತ್ತು. 2011ರ ಜೂನ್ 30ರಂದು 25 ಪೈಸೆ ಹಾಗೂ ಅದಕ್ಕಿಂತ ಕಡಿಮೆ ಮುಖಬೆಲೆಯ ನಾಣ್ಯಗಳೆಲ್ಲ ರದ್ದಾದಾಗ ಅದರ ಆಯುಷ್ಯವೂ ಮುಗಿಯಿತು. ಮಕ್ಕಳ ಕೈಯಲ್ಲಿ ಸವೆದ ನಾಣ್ಯ ಸತ್ತುಹೋಯಿತು. ಮಕ್ಕಳ ಕೈಗೆ ಸಿಗದ ನಾಣ್ಯ ಹೊಳೆಯುತ್ತ ಉಳಿಯಿತು. ನಾವು ಯಾವುದನ್ನು ಜೋಪಾನ ಮಾಡುತ್ತೇವೆ, ಯಾವುದನ್ನು ಬಳಸುತ್ತೇವೆ ಎಂಬ ವ್ಯತ್ಯಾಸ ಇಲ್ಲಿಯೇ ಇದೆ.

ಕನ್ನಡದಲ್ಲಿ ನಾಣ್ಯಕ್ಕೂ ಬಿಲ್ಲೆ ಎನ್ನುತ್ತೇವೆ, ಕುಂಟಾಟದ ಹಂಚಿನ ಚೂರಿಗೂ ಬಿಲ್ಲೆ ಎನ್ನುತ್ತೇವೆ. ನಮ್ಮ ಆಟಗಳ ಅರ್ಥಶಾಸ್ತ್ರವೆಲ್ಲ ಈ ಎರಡನೆಯ ಬಿಲ್ಲೆಯದು. ಲಗೋರಿಗೆ ಬೇಕಾದದ್ದು ಏಳು ಚಪ್ಪಟೆ ಕಲ್ಲು, ಒಂದು ಚೆಂಡು. ಚೆಂಡಿಲ್ಲದಿದ್ದರೆ ಹಳೆಯ ಬಟ್ಟೆಯ ಉಂಡೆ. ಚಿನ್ನಿದಾಂಡಿಗೆ ಎರಡು ಕೋಲು. ಚೌಕಾಬಾರಕ್ಕೆ ಸಾಲಿಗೆ ಐದರಂತೆ ಇಪ್ಪತ್ತೈದು ಮನೆ, ನಾಲ್ಕು ಕವಡೆ. ಕವಡೆ ಇಲ್ಲದವರು ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿಕೊಳ್ಳುತ್ತಿದ್ದರು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ಅಂಗಳದ ಕೊಳೆ, ಹಿತ್ತಲಿನ ಬೀಜ, ಒಡೆದ ಹಂಚು ಇವುಗಳಿಂದಲೇ ಒಂದು ಇಡೀ ಲೋಕ ಕಟ್ಟಿಕೊಳ್ಳಬಹುದಾಗಿತ್ತು.

ಇದು ಕೇವಲ ಹಳ್ಳಿಗಾಡಿನ ಕಾಲಕ್ಷೇಪವೂ ಆಗಿರಲಿಲ್ಲ. ಹಂಪೆಯ ಮಂಟಪಗಳ ಹಾಸುಗಲ್ಲುಗಳ ಮೇಲೆ ಆಟದ ಮನೆಗಳನ್ನು ಕೊರೆದಿರುವುದನ್ನು ಇಂದಿಗೂ ಕಾಣಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಹೊಸ ಹೊಸ ಮಣೆಯಾಟಗಳನ್ನೂ ಎಲೆಯಾಟಗಳನ್ನೂ ರೂಪಿಸಿದವರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ, ದೇವತಾಮೂರ್ತಿಗಳ ಲಕ್ಷಣಗಳನ್ನು ವಿವರಿಸಿದ ಅದೇ ಗ್ರಂಥದ ಭಾಗವಾಗಿ, ಆಟಗಳಿಗೂ ಸ್ಥಾನ ದೊರೆತಿದೆ. ಆ ಪರಂಪರೆಯ ಊರಾದ ಮೈಸೂರಿನಲ್ಲಿಯೇ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು 2007ರಿಂದ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಹಳೆಯ ಮಣೆಯಾಟಗಳನ್ನು ಮತ್ತೆ ಜನರ ಮುಂದಿಡುವ ಕೆಲಸಕ್ಕೆ ತೊಡಗಿತು.

ಅಳಗುಳಿಮನೆಯನ್ನೇ ನೋಡಿ. ಎರಡು ಸಾಲು, ಸಾಲಿಗೆ ಏಳು ಗುಳಿ, ಒಂದಷ್ಟು ಹುಣಸೆಬೀಜ. ತುಳುನಾಡಿನಲ್ಲಿ ಇದು ಚೆನ್ನೆಮಣೆ. ಆಟಿ ತಿಂಗಳ ಜಡಿಮಳೆಯಲ್ಲಿ ಹೊರಗೆ ಕಾಲಿಡಲಾಗದ ದಿನಗಳ ಸಂಗಾತಿ. ಇದೇ ಕುಲದ ಆಟ ಮಧ್ಯ ಏಷ್ಯಾದಲ್ಲಿಯೂ ಇದೆ. ಕಜಕಸ್ತಾನ, ಕಿರ್ಗಿಸ್ತಾನ ಮತ್ತು ಟರ್ಕಿ ದೇಶಗಳು ಜೊತೆಯಾಗಿ ಮುಂದಿಟ್ಟ ಪ್ರಸ್ತಾವವನ್ನು ಒಪ್ಪಿ, 2020ರಲ್ಲಿ ಯುನೆಸ್ಕೊ ತೊಗುಝ್‌ಕುಮಲಾಕ್, ಮಂಗಲಾ ಮುಂತಾದ ಹೆಸರಿನ ಆ ಆಟವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸುದ್ದಿ ಓದಿ ಸಂತೋಷವಾಯಿತು. ಜೊತೆಗೇ ಒಂದು ಅನುಮಾನವೂ ಬಂತು. ನಾಣ್ಯ, ಪಟ್ಟಿ, ಪ್ರದರ್ಶನ ಇವೆಲ್ಲ ಒಂದು ಆಟಕ್ಕೆ ಸಿಗುವ ಮರ್ಯಾದೆಗಳು, ನಿಜ. ಆದರೆ ಆಟಕ್ಕೆ ಮರ್ಯಾದೆಯಷ್ಟೇ ಸಾಲದು. ಜಾಗ ಬೇಕು, ಹೊತ್ತು ಬೇಕು, ಜೊತೆಗಾರರು ಬೇಕು.

ಹಳೆಯದೆಲ್ಲ ಹೊನ್ನು ಎಂದು ಹೇಳಲು ಮಾತ್ರ ನಾನು ಸಿದ್ಧನಿಲ್ಲ. ಹಾಸನ ಜಿಲ್ಲೆಯ ನಮ್ಮ ಊರಿನ ಮನೆಯ ಜಗಲಿಯ ಮೇಲೆ ನಾವು ಚೌಕಾಬಾರ ಆಡುವಾಗ, ನಮ್ಮ ಗದ್ದೆಯಲ್ಲಿ ದುಡಿಯುತ್ತಿದ್ದವನ ಮಗ ಅಂಗಳದಲ್ಲಿ ನಿಂತು ನೋಡುತ್ತಿದ್ದ. ಜಗಲಿಯ ಮೆಟ್ಟಿಲು ಹತ್ತುವಂತಿರಲಿಲ್ಲ. ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಚುರುಕಾಗಿದ್ದ ಅವನು ಕೆಳಗಿನಿಂದಲೇ ‘ಆ ಕಾಯಿ ನಡೆಸಿ, ಈ ಕಾಯಿ ಬೇಡ’ ಎಂದು ಹೇಳಿಕೊಡುತ್ತಿದ್ದ. ಅವನ ಮಾತು ಕೇಳಿ ನಾವು ಗೆಲ್ಲುತ್ತಿದ್ದೆವು. ಅವನ ಕೈಗೆ ಮಾತ್ರ ಒಮ್ಮೆಯೂ ಕವಡೆ ಸಿಗಲಿಲ್ಲ. ನನ್ನ ಅಕ್ಕಂದಿರೂ ಅಷ್ಟೆ, ಒಂದು ವಯಸ್ಸು ದಾಟುತ್ತಲೇ ಬೀದಿಯ ಆಟಗಳಿಂದ ಜಗಲಿಗೆ, ಜಗಲಿಯಿಂದ ಒಳಮನೆಗೆ ಸರಿದರು. ಬಾಲ್ಯದ ಆಟಗಳ ಬಗ್ಗೆ ನಾವು ಹಾಡುವ ಹೊಗಳಿಕೆಯಲ್ಲಿ ಅಂಗಳದಲ್ಲಿ ನಿಂತವರ ನೆನಪೂ ಇರಬೇಕು. ಇಲ್ಲವಾದರೆ ಅದು ಅರ್ಧ ಬೆಳ್ಳಿಯ ನಾಣ್ಯದಂತೆ, ಅರ್ಧ ಮಾತ್ರ ನಿಜ.

ಇನ್ನು ಇಂದಿನ ಮಾತು. ಮಕ್ಕಳು ಆಡುವುದಿಲ್ಲ, ಮೊಬೈಲ್ ಬಿಡುವುದಿಲ್ಲ ಎಂಬ ದೂರು ನನ್ನ ವಯಸ್ಸಿನವರ ಸಂಜೆಯ ಹರಟೆಯ ಮುಖ್ಯ ವಿಷಯ. ನಾನೂ ಅದನ್ನು ಬೇಕಾದಷ್ಟು ಸಲ ಹೇಳಿದ್ದೇನೆ. ಹಾಗೆ ಹೇಳುತ್ತಿದ್ದ ದಿನಗಳಲ್ಲಿಯೇ, ಕೆಲವು ವರ್ಷಗಳ ಹಿಂದೆ, ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಮನವಿಯೊಂದಕ್ಕೆ ಸಹಿ ಹಾಕಿದೆ. ನಮ್ಮ ಮನೆಯ ಎದುರಿನ ಸಾಲಿನಲ್ಲಿ ಸಾರ್ವಜನಿಕ ಬಳಕೆಗೆಂದು ಬಿಟ್ಟ ನಿವೇಶನವೊಂದಿದೆ. ಅಲ್ಲಿ ಮಕ್ಕಳು ಆಡುತ್ತಿದ್ದರು. ಕಿಟಕಿಯ ಗಾಜು ಒಡೆದದ್ದು ಒಮ್ಮೆ, ನಿಲ್ಲಿಸಿದ್ದ ಕಾರಿಗೆ ಚೆಂಡು ಬಡಿದದ್ದು ಕೆಲವು ಸಲ, ಗಲಾಟೆಯಂತೂ ದಿನವೂ. ಹೊರಗಿನ ಮಕ್ಕಳು ಬರುತ್ತಾರೆ ಎಂದು ಯಾರೋ ಸೇರಿಸಿದರು. ಬೇಲಿ ಬಂತು, ಗೇಟು ಬಂತು, ಬೀಗ ಬಂತು. ‘ಇಲ್ಲಿ ಆಟವಾಡುವುದನ್ನು ನಿಷೇಧಿಸಲಾಗಿದೆ’ ಎಂಬ ಫಲಕವೂ ಬಂತು. ಅದರ ಕನ್ನಡದ ಕಾಗುಣಿತ ತಿದ್ದಿಕೊಟ್ಟವನು ನಾನೇ.

ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳನ್ನು ಕಾಪಾಡಲೆಂದೇ ಕರ್ನಾಟಕದಲ್ಲಿ 1985ರಲ್ಲಿ ಪ್ರತ್ಯೇಕ ಕಾಯಿದೆಯೊಂದು ಬಂದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕೆಂಬ ಮಾತಿದೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಟವನ್ನು ಮಗುವಿನ ಹಕ್ಕೆಂದೇ ಕರೆಯುತ್ತದೆ. ಭಾರತ ಅದಕ್ಕೆ 1992ರಲ್ಲಿ ಸಮ್ಮತಿಯಿತ್ತಿತು. 2024ರಲ್ಲಿ ವಿಶ್ವಸಂಸ್ಥೆ ಜೂನ್ 11ನ್ನು ಅಂತಾರಾಷ್ಟ್ರೀಯ ಆಟದ ದಿನವೆಂದೂ ಘೋಷಿಸಿತು. ಕಾಗದದ ಮೇಲೆ ಮಗುವಿನ ಆಟಕ್ಕೆ ಇಷ್ಟೊಂದು ಕಾವಲಿದೆ. ಆದರೆ ಈ ಬೀಗವನ್ನು ಹಾಕಿದವರು ಯಾವ ಸರ್ಕಾರದವರೂ ಅಲ್ಲ, ಭೂಗಳ್ಳರೂ ಅಲ್ಲ. ಪತ್ರಿಕೆ ಓದುವ, ಮಕ್ಕಳನ್ನು ಪ್ರೀತಿಸುವ, ಮಧ್ಯಾಹ್ನದ ನಿದ್ದೆ ಕೆಡಬಾರದೆಂದು ಬಯಸುವ ನಾವೇ. ಮೊಬೈಲು ಮಕ್ಕಳನ್ನು ಬಯಲಿನಿಂದ ಸೆಳೆದುಕೊಂಡಿತು ಎನ್ನುತ್ತೇವೆ. ನಮ್ಮ ಬೀದಿಯಲ್ಲಿ ನಡೆದದ್ದರ ಅನುಕ್ರಮ ಬೇರೆ: ಮೊದಲು ಬಯಲಿಗೆ ಬೀಗ ಬಿತ್ತು, ಆ ಖಾಲಿ ಸಂಜೆಗಳಿಗೆ ಮೊಬೈಲು ಬಂತು.

ಕಳೆದ ಬೇಸಿಗೆ ರಜೆಗೆ ಮಗಳು ತನ್ನ ಒಂಬತ್ತು ವರ್ಷದ ಮಗಳೊಂದಿಗೆ ಬಂದಿದ್ದಳು. ನಾಲ್ಕು ದಿನ ಮೊಮ್ಮಗಳು ಸೋಫಾ ಬಿಟ್ಟು ಏಳಲಿಲ್ಲ. ಐದನೆಯ ಸಂಜೆ ಮನೆಯಲ್ಲಿ ಇರಲಿಲ್ಲ. ಹುಡುಕುತ್ತ ಹೊರಬಂದರೆ, ಬೀಗ ಹಾಕಿದ ಬೇಲಿಯ ಒಳಗಿನಿಂದ ನಗು ಕೇಳಿಸಿತು. ಆ ನಿವೇಶನವನ್ನು ಕಾಯಲು ಸಂಘ ನೇಮಿಸಿದ ಕಾವಲುಗಾರ ರಾಯಚೂರಿನ ಕಡೆಯವನು. ಮೂಲೆಯ ತಗಡಿನ ಕೋಣೆಯಲ್ಲಿ ಅವನ ಸಂಸಾರ. ಬೀಗದ ಕೈ ಅವನ ಬಳಿಯೇ ಇರುವುದರಿಂದ ಇಡೀ ಬಡಾವಣೆಯಲ್ಲಿ ಆಡಲು ಬಯಲಿರುವುದು ಅವನ ಇಬ್ಬರು ಮಕ್ಕಳಿಗೆ ಮಾತ್ರ. ಆ ಮಕ್ಕಳು ನನ್ನ ಮೊಮ್ಮಗಳಿಗೆ ಕುಂಟೆಬಿಲ್ಲೆ ಕಲಿಸುತ್ತಿದ್ದರು. ಅವರ ಊರಿನಲ್ಲಿ ಆ ಆಟಕ್ಕೆ ಬೇರೆಯೇ ಹೆಸರಂತೆ, ಮನೆಗಳನ್ನು ಬರೆಯುವ ರೀತಿಯೂ ತುಸು ಬೇರೆ. ಆದರೆ ಬಿಲ್ಲೆಯನ್ನು ಹಣೆಯ ಮೇಲಿಟ್ಟುಕೊಂಡು, ಆಕಾಶ ನೋಡುತ್ತ, ಗೆರೆ ತುಳಿಯದಂತೆ ಹೆಜ್ಜೆಯಿಡುತ್ತ ‘ರೈಟಾ?’ ಎಂದು ಕೇಳುವುದು, ಉಳಿದವರು ‘ರೈಟು’ ಎನ್ನುವುದು ಥೇಟ್ ನನ್ನ ಮಗಳ ಕಾಲದ್ದೇ.

ನನ್ನನ್ನು ಕಂಡು ಕಾವಲುಗಾರ ಗಾಬರಿಯಾದ. ಮಕ್ಕಳನ್ನು ಗದರಿ, ಚಪ್ಪಲಿಯಿಂದ ಗೆರೆಗಳನ್ನು ಅಳಿಸತೊಡಗಿದ. ಬೇಡವೆಂದೆ. ‘ಅಲ್ರೀ ಸರ, ಮೀಟಿಂಗಿನ್ಯಾಗ ಹೇಳ್ಯಾರ. ಹುಡುಗರು ಆಡೂದು ಕಂಡ್ರ ಕೆಲಸಾ ಬಿಡಸ್ತೀವಿ ಅಂದಾರ’ ಎಂದ. ಆ ತೀರ್ಮಾನದ ಕೆಳಗೂ ನನ್ನ ಸಹಿ ಇತ್ತೇನೋ. ಓದದೆ ಸಹಿ ಹಾಕಿದ ಕಾಗದಗಳು ಹಲವು. ಗೆರೆ ಅಳಿಸುತ್ತಿದ್ದ ಅವನ ಕಾಲನ್ನೇ ನೋಡುತ್ತ ನಿಂತಿದ್ದಾಗ, ನಮ್ಮೂರಿನ ಅಂಗಳದಲ್ಲಿ ನಿಂತಿದ್ದ ಹುಡುಗನ ನೆನಪಾಯಿತು. ಅಂದು ಆಟ ನಮ್ಮದಾಗಿತ್ತು, ಅವನು ಹೊರಗಿದ್ದ. ಇಂದು ಆಟವನ್ನು ಉಳಿಸಿಕೊಂಡವರು ಈ ಮಕ್ಕಳು. ಅವರಿಂದ ಕಲಿಯಬೇಕಾದವಳು ನನ್ನ ಮೊಮ್ಮಗಳು. ನಾವು ಮಾತ್ರ ಅಂದೂ ಇಂದೂ ಮೆಟ್ಟಿಲು ಕಾಯುವವರಾಗಿಯೇ ಉಳಿದಿದ್ದೇವೆ.

ಮರುವಾರ ಬೀರುವಿನಿಂದ ನಾಣ್ಯ ತೆಗೆದು ಚಿಕ್ಕಪೇಟೆಯ ವ್ಯಾಪಾರಿಯೊಬ್ಬರಿಗೆ ತೋರಿಸಿದೆ. ಮಾರುವ ಯೋಚನೆ ನಿಜವಾಗಿಯೂ ಇತ್ತು. ಬಂದ ಹಣದಲ್ಲಿ ಆ ನಿವೇಶನದ ಬೇಲಿಯನ್ನು ಎತ್ತರಿಸಿ ಬಲೆ ಕಟ್ಟಿಸಿದರೆ, ಕಿಟಕಿ ಗಾಜಿನ ತಕರಾರು ಮುಗಿದು ಗೇಟು ತೆರೆಯಬಹುದೆಂಬ ಲೆಕ್ಕಾಚಾರ. ವ್ಯಾಪಾರಿ ಭೂತಗನ್ನಡಿ ಹಿಡಿದು ನೋಡಿ, ‘ಗೀರು ಬಿದ್ದಿದೆ ಸಾರ್. ಸಂಗ್ರಹ ಮಾಡೋರು ತಗೊಳ್ಳಲ್ಲ. ಬೆಳ್ಳಿ ತೂಕಕ್ಕೆ ಏನು ಬರತ್ತೋ ಅಷ್ಟೆ’ ಎಂದರು. ಬಲೆಗೆ ಆ ಹಣ ಯಾವ ಮೂಲೆಗೂ ಸಾಲದು. ನಾಣ್ಯ ಮರಳಿ ಮನೆಗೆ ಬಂತು.

ಸಂಜೆ ಮಗಳ ಮುಂದೆ ಅದನ್ನಿಟ್ಟೆ. ನಲವತ್ತು ವರ್ಷಗಳಲ್ಲಿ ನಾವಿಬ್ಬರೂ ಆ ಸಂಜೆಯ ಮಾತೆತ್ತಿರಲಿಲ್ಲ. ಅವಳು ಗೀರಿನ ಮೇಲೆ ಬೆರಳಾಡಿಸಿ, ‘ಇದು ನಾಲ್ಕನೇ ಮನೆಯಲ್ಲಿ ಆದದ್ದು ಅಪ್ಪ. ಕಲ್ಲಿತ್ತು ಅಲ್ಲಿ. ಇನ್ನೊಂದೇ ಮನೆ ಇತ್ತು, ಗೆಲ್ತಿದ್ದೆ’ ಎಂದಳು. ನಾನು ಕೊಟ್ಟ ಏಟಿನ ಬಗ್ಗೆ ಏನನ್ನೂ ಹೇಳಲಿಲ್ಲ. ಮುಗಿಯದೆ ಉಳಿದ ಆಟವೇ ಅವಳಿಗೆ ಹೆಚ್ಚು ನೆನಪಿದ್ದಂತಿತ್ತು. ಕ್ಷಮೆ ಕೇಳಬೇಕೆಂದು ಕುಳಿತಿದ್ದ ನನಗೆ ಮಾತು ಹೊರಡಲಿಲ್ಲ. ತಡವಾಗಿಯಾದರೂ ಕೇಳಿದೆ.

ಸಂಘದ ಮುಂದಿನ ಸಭೆಯಲ್ಲಿ ಒಂದು ಮನವಿ ಇಟ್ಟೆ: ದಿನವೂ ಸಂಜೆ ನಾಲ್ಕೂವರೆಯಿಂದ ಆರೂವರೆವರೆಗೆ ಗೇಟು ತೆರೆದಿರಲಿ, ಒಳಗೆ ಯಾರ ಮಕ್ಕಳೆಂದು ಕೇಳಬಾರದು, ಗಾಜು ಒಡೆದರೆ ಹಿರಿಯರ ನಿಧಿಯಿಂದ ಭರಿಸೋಣ, ಕಾವಲುಗಾರನನ್ನು ಈ ಕಾರಣಕ್ಕೆ ಕೆಲಸದಿಂದ ತೆಗೆಯಬಾರದು. ಒಂದೂವರೆ ಗಂಟೆ ಚರ್ಚೆಯಾಯಿತು. ಕಾರಿನವರು ಒಪ್ಪಲಿಲ್ಲ, ಮಧ್ಯಾಹ್ನ ಮಲಗುವವರು ಕೆಲವರು ಒಪ್ಪಿದರು, ಶಾಲೆಗೆ ಹೋಗುವ ಮಕ್ಕಳಿರುವ ದಂಪತಿಗಳು ಅನುಮಾನಿಸುತ್ತಲೇ ಕೈಯೆತ್ತಿದರು. ಕೊನೆಗೆ ಮೂರು ತಿಂಗಳ ಮಟ್ಟಿಗೆ, ವಾರದಲ್ಲಿ ಮೂರು ದಿನ, ಪರೀಕ್ಷಾರ್ಥವಾಗಿ ಎಂದಾಯಿತು. ಕಾವಲುಗಾರನ ಕೆಲಸದ ಬಗ್ಗೆ ಮಾತ್ರ ಎಲ್ಲರೂ ಒಪ್ಪಿದರು. ಸುದ್ದಿ ಹೇಳಿದಾಗ ಅವನು ನಕ್ಕು, ‘ಕೀಲಿ ಹಾಕ್ರಿ ಅಂದಾವ್ರೂ ನೀವ, ತಗೀರಿ ಅನ್ನಾವ್ರೂ ನೀವ’ ಎಂದ. ಅದರಲ್ಲಿ ಕುಹಕವಿರಲಿಲ್ಲ, ಸುಳ್ಳೂ ಇರಲಿಲ್ಲ.

ಮೂರು ದಿನದ ಗೇಟಿನಿಂದ ನಮ್ಮ ನಗರದ ಬಾಲ್ಯ ಮರಳಿಬಿಡುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೂ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಬೀದಿಯಲ್ಲಿಯೂ ಇಂಥದೊಂದು ಬೀಗವಿರಬಹುದು. ಅದನ್ನು ಹಾಕಿಸಿದ ಕಾಗದದ ಮೇಲೆ ಯಾರ ಸಹಿ ಇದೆ ಎಂದು ಒಮ್ಮೆ ನೋಡಿ. ನಿಮ್ಮದೇ ಇದ್ದರೆ ನಾಚಿಕೆಪಟ್ಟು ಕೂರಬೇಕಿಲ್ಲ. ಹಾಕಿದವರಿಗೆ ತೆಗೆಸುವ ಶಕ್ತಿಯೂ ಇರುತ್ತದೆ.

ರಜೆ ಮುಗಿಸಿ ಹೊರಡುವ ದಿನ ಮೊಮ್ಮಗಳು ಆ ನಾಣ್ಯವನ್ನು ಕೇಳಿದಳು. ಕೊಟ್ಟೆ. ಡಬ್ಬಿ ಬೇಡವೆಂದಳು. ಅಂದು ಸಂಜೆ ಗೇಟು ತೆರೆಯುವ ದಿನವಾಗಿತ್ತು. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಬೆಳ್ಳಿಯ ಬಿಲ್ಲೆ ಮಣ್ಣಿನ ಮೇಲೆ ಬಿದ್ದ ಸದ್ದು ವರಾಂಡದಲ್ಲಿ ಕುಳಿತ ನನಗೂ ಕೇಳಿಸಿತು. ಭಾರವಾದ ಬಿಲ್ಲೆ, ಪುಟಿಯಲಿಲ್ಲ. ಹಾಕಿದ ಕಡೆಯೇ ಕೂತಿತು.